ಪದಚರ್ಚೆ: ಬೇಸ್‌ಬಾಲ್ ಆಟಗಾರರನ್ನು ‘ಟ್ರೇಡ್’ ಮಾಡುವುದಕ್ಕೆ ಕನ್ನಡದಲ್ಲಿ ಏನೆನ್ನಬೇಕು? (ತುರ್ತು)

ಪ್ರಶ್ನೆ, ಅಮೆರಿಕದ ಫ್ರೀಮಾಂಟ್‌ನಿಂದ

ಮಾನ್ಯರೇ,

ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕಾದ ಒಂದು ಕರಪತ್ರಕ್ಕೆ ನನಗೆ ‘ಟ್ರೇಡ್’ಗೆ, ಅಂದರೆ ಒಂದು ತಂಡ ತನ್ನ ಆಟಗಾರನನ್ನು ಇನ್ನೊಂದು ತಂಡಕ್ಕೆ ಕೊಟ್ಟು ಬದಲಿಗೆ ಬೇರೊಬ್ಬನನ್ನು ಪಡೆಯುವುದಕ್ಕೆ, ಒಂದು ಕ್ರಿಯಾಪದ ಬೇಕಾಗಿದೆ. ಈ ಶನಿವಾರ ನಮ್ಮಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ಬೇಸ್‌ಬಾಲ್ ತಂಡದ ಕನ್ನಡಿಗ ಅಭಿಮಾನಿಗಳು ಸೇರಿ, 2024–25ರ ಚಳಿಗಾಲದಲ್ಲಿ ತಂಡ ಯಾರನ್ನು ತಂದಿತು, ಯಾರನ್ನು ಕಳೆದುಕೊಂಡಿತು, ಮಾಡಿದ್ದು ಸರಿಯೋ ತಪ್ಪೋ ಎಂದು ವಾದಿಸಲಿದ್ದಾರೆ. ಊರಿನಿಂದ ಮಕ್ಕಳ ಮನೆಗೆ ಬಂದಿರುವ ಹಿರಿಯರೂ ಕೇಳಲು ಬರುವುದರಿಂದ ವಿಷಯದ ಹಿನ್ನೆಲೆಯನ್ನು ಕನ್ನಡದಲ್ಲಿ ಒಂದು ಪುಟಕ್ಕೆ ಇಳಿಸುವ ಕೆಲಸ ನನ್ನ ಪಾಲಿಗೆ ಬಂದಿದೆ.

ಹಿನ್ನೆಲೆ ಇಷ್ಟು. 2024ರಲ್ಲಿ ಜೈಂಟ್ಸ್ 80 ಪಂದ್ಯ ಗೆದ್ದು 82 ಸೋತು ತನ್ನ ವಿಭಾಗದಲ್ಲಿ ನಾಲ್ಕನೆಯ ಸ್ಥಾನದಲ್ಲಿ ನಿಂತಿತು. ಆಡಳಿತ ಫರ್ಹಾನ್ ಝೈದಿ ಅವರ ಕೈತಪ್ಪಿ, 2010, 2012 ಮತ್ತು 2014ರಲ್ಲಿ ಇದೇ ತಂಡ ವಿಶ್ವ ಸರಣಿ (ವರ್ಲ್ಡ್ ಸೀರೀಸ್, ಋತುವಿನ ಅಂತಿಮ ಸರಣಿ) ಗೆದ್ದಾಗ ಅದರಲ್ಲಿ ಆಡಿದ್ದ ಬಸ್ಟರ್ ಪೋಸಿ ಅವರ ಕೈಗೆ ಬಂತು. ಪೋಸಿ ಅವರು ಶಾರ್ಟ್‌ಸ್ಟಾಪ್ (ಎರಡನೆಯ ಮತ್ತು ಮೂರನೆಯ ಬೇಸ್‌ಗಳ ನಡುವಿನ ಕ್ಷೇತ್ರರಕ್ಷಕ) ವಿಲ್ಲಿ ಅಡಾಮೆಸ್ ಅವರಿಗೆ 7 ವರ್ಷಕ್ಕೆ 18.2 ಕೋಟಿ ಡಾಲರ್ ಕೊಟ್ಟರು. ತಂಡ ಬಿಟ್ಟ ಎಸೆತಗಾರ ಬ್ಲೇಕ್ ಸ್ನೆಲ್ ಅವರಿಗೆ ಬದ್ಧವೈರಿ ಡಾಡ್ಜರ್ಸ್ 5 ವರ್ಷಕ್ಕೆ ಕೊಟ್ಟದ್ದೂ ಅದೇ 18.2 ಕೋಟಿ. ಶನಿವಾರದ ಜಗಳ ಈ ಎರಡು ಮೊತ್ತಗಳ ಸುತ್ತಲೇ ನಡೆಯುವುದು ಖಂಡಿತ. 2024ರಲ್ಲಿ 32 ಹೋಮ್ ರನ್ (ಕ್ರಿಕೆಟ್ಟಿನ ಸಿಕ್ಸರ್‌ನಂಥ ಹೊಡೆತ) ಹೊಡೆದ ಅಡಾಮೆಸ್ ಬಂದರೆಂದು ಅರ್ಧ ಜನ ಹಿಗ್ಗಿದರೆ, 41 ವರ್ಷದ ಎಸೆತಗಾರ ಜಸ್ಟಿನ್ ವರ್ಲ್ಯಾಂಡರ್ ಅವರನ್ನು ಒಂದು ವರ್ಷಕ್ಕೆ 1.5 ಕೋಟಿ ಕೊಟ್ಟು ಕರೆತಂದ ಮಾತ್ರಕ್ಕೆ ಸ್ನೆಲ್ ಅವರ ಜಾಗ ತುಂಬೀತೇ ಎಂದು ಇನ್ನರ್ಧ ಜನ ಕೇಳುತ್ತಿದ್ದಾರೆ.

ಇಷ್ಟೂ ಕನ್ನಡಕ್ಕೆ ತಕರಾರಿಲ್ಲದೆ ಬಂತು. ನಾನು ಸಿಕ್ಕಿಹಾಕಿಕೊಂಡದ್ದು ಒಂದೇ ವಾಕ್ಯದಲ್ಲಿ. ರೋಜರ್ಸ್ ಎಂಬ ಅವಳಿ ಸಹೋದರರು ಎರಡು ಋತುಗಳ ಕಾಲ ಜೈಂಟ್ಸ್ ಪರವಾಗಿ ಒಟ್ಟಿಗೆ ಎಸೆದರು. ಟೇಲರ್ ಎಡಗೈಯವರು, ಟೈಲರ್ ಬಲಗೈಯವರು. 2025ರ ಜನವರಿ ಕೊನೆಯಲ್ಲಿ ಟೇಲರ್ ಅವರನ್ನು ಸಿನ್ಸಿನಾಟಿ ರೆಡ್ಸ್ ತಂಡಕ್ಕೆ ಕೊಟ್ಟು, ಜೊತೆಗೆ 60 ಲಕ್ಷ ಡಾಲರ್ ನಗದನ್ನೂ ಕೊಟ್ಟು, ಕೆಳಹಂತದ ಲೀಗಿನಲ್ಲಿದ್ದ ಒಬ್ಬ ಎಸೆತಗಾರನನ್ನು ಪಡೆದುಕೊಂಡರು. ಟೈಲರ್ ಆಗ ಇಲ್ಲಿಯೇ ಉಳಿದರು. ‘ಜೈಂಟ್ಸ್ ಟೇಲರ್ ರೋಜರ್ಸ್ ಅವರನ್ನು ರೆಡ್ಸ್‌ಗೆ _____’. ದಯವಿಟ್ಟು ಬಿಟ್ಟ ಸ್ಥಳ ತುಂಬಿಕೊಡಿ.

ಉತ್ತರ, ಮೈಸೂರಿನಿಂದ

‘ವಿನಿಮಯ ಮಾಡಿಕೊಂಡಿತು.’ ವಸ್ತು ವಿನಿಮಯ, ವಿದೇಶಿ ವಿನಿಮಯ, ವಿಚಾರ ವಿನಿಮಯಗಳೆಲ್ಲ ಇರುವಾಗ ಆಟಗಾರರ ವಿನಿಮಯಕ್ಕೆ ಏನು ಅಡ್ಡಿ? ಇದರಲ್ಲಿ ಚರ್ಚಿಸುವಂಥದ್ದು ಏನೂ ಇಲ್ಲ.

ಪ್ರಶ್ನೆ ಕೇಳಿದವರಿಂದ

ವಿನಿಮಯವನ್ನು ನಾನೂ ಮೊದಲು ಬರೆದು ನೋಡಿದೆ. ಅದು ‘ಒಡನೆ’ಯನ್ನು ಬೇಡುತ್ತದೆ, ಚತುರ್ಥಿ ವಿಭಕ್ತಿಗೆ (‘-ಗೆ’) ಒಗ್ಗುವುದಿಲ್ಲ. ‘ರೆಡ್ಸ್‌ನೊಡನೆ ವಿನಿಮಯ ಮಾಡಿಕೊಂಡಿತು’ ಎನ್ನಬಹುದು, ‘ರೆಡ್ಸ್‌ಗೆ ವಿನಿಮಯ ಮಾಡಿತು’ ಎನ್ನಲಾಗದು. ಅದೂ ಅಲ್ಲದೆ ಕರ್ಮಣಿಯಲ್ಲಿ ಆಟಗಾರನನ್ನೇ ಕರ್ತೃಸ್ಥಾನದಲ್ಲಿ ಕೂರಿಸಬೇಕಾದಾಗ ‘ಟೇಲರ್ ವಿನಿಮಯವಾದರು’ ಎಂದು ಬರೆದರೆ ಓದುವವರು ನಗುತ್ತಾರೆ.

ಉತ್ತರ, ಧಾರವಾಡದಿಂದ

ಸಂಸ್ಕೃತಕ್ಕೆ ಏಕೆ ಓಡುತ್ತೀರಿ? ‘ಸಾಟಿ’ ಇದೆ. ಅರ್ಥಶಾಸ್ತ್ರದ ಪುಸ್ತಕಗಳಲ್ಲಿ ‘ಸಾಟಿ ವ್ಯಾಪಾರ’ ಎಂದು ಓದಿ ಪರೀಕ್ಷೆ ಬರೆದವರೇ ಇಲ್ಲಿ ಬಹಳ ಜನ ಇದ್ದೀರಿ. ನಮ್ಮ ಕಡೆ ಒಂದು ಮನೆಯಿಂದ ಹೆಣ್ಣು ತಂದು ಅದೇ ಮನೆಗೆ ಹೆಣ್ಣು ಕೊಟ್ಟರೆ ಅದನ್ನು ಸಾಟಿ ಮದುವೆ ಎನ್ನುತ್ತಾರೆ. ಒಂದು ಕೈಯಿಂದ ಕೊಟ್ಟು ಇನ್ನೊಂದು ಕೈಯಿಂದ ತೆಗೆದುಕೊಳ್ಳುವ ವ್ಯವಹಾರಕ್ಕೆ ಇದಕ್ಕಿಂತ ಅಚ್ಚಗನ್ನಡದ ಮಾತು ಸಿಗುವುದಿಲ್ಲ. ‘ರೆಡ್ಸ್‌ಗೆ ಸಾಟಿ ಕೊಟ್ಟಿತು’ ಎಂದು ಬರೆಯಿರಿ. ನಿಮ್ಮ ಚತುರ್ಥಿಯೂ ಉಳಿಯಿತು.

ಉತ್ತರ, ಬೆಂಗಳೂರಿನಿಂದ

ಕ್ರೀಡಾ ಪುಟಕ್ಕೆ ಹಲವು ಕಾಲ ಸುದ್ದಿ ಬರೆದವನಾಗಿ ಹೇಳುತ್ತೇನೆ. ಇಂದಿನ ಓದುಗನಿಗೆ ‘ಸಾಟಿ’ ಎಂದರೆ ಸಮಾನ ಎಂದಷ್ಟೇ ಅರ್ಥ. ‘ಸಾಟಿಯಿಲ್ಲದ ಆಟಗಾರ’ ಎಂದು ಬರೆಯುವ ಭಾಷೆಯಲ್ಲಿ ‘ಆಟಗಾರನನ್ನು ಸಾಟಿ ಕೊಟ್ಟರು’ ಎಂದರೆ ಅವನಿಗೆ ಸರಿಜೋಡಿಯಾದವನು ಯಾರೋ ಸಿಕ್ಕಿದನೆಂದು ತಿಳಿಯುತ್ತಾರೆ. ಅಚ್ಚಗನ್ನಡ ಎಂಬ ಹೆಮ್ಮೆಯನ್ನು ಪಡುವ ಮುನ್ನ ಮರಾಠಿಯ ‘ಸಾಟೇಲೋಟೇ’ ಕಡೆಗೂ ಒಮ್ಮೆ ಕಣ್ಣು ಹಾಯಿಸುವುದು ಒಳ್ಳೆಯದು.

2023ರ ನವೆಂಬರ್‌ನಲ್ಲಿ ಹಾರ್ದಿಕ್ ಪಾಂಡ್ಯ ಗುಜರಾತ್ ತಂಡದಿಂದ ಮುಂಬೈಗೂ, ಕ್ಯಾಮರಾನ್ ಗ್ರೀನ್ ಮುಂಬೈಯಿಂದ ನಮ್ಮ ಬೆಂಗಳೂರಿಗೂ ಹೋದಾಗ ‘ಟ್ರೇಡ್’ ಎಂಬ ಪದ ಕನ್ನಡಿಗರ ಬಾಯಲ್ಲಿ ಸಲೀಸಾಗಿ ಓಡಾಡಿತು. ಹಿರಿಯರಿಗೆ ಕ್ರಿಕೆಟ್ ಗೊತ್ತಿದ್ದರೆ ಟ್ರೇಡ್ ಕೂಡ ಗೊತ್ತು. ಅದನ್ನೇ ಬರೆದು ಕರಪತ್ರವನ್ನು ಅಚ್ಚಿಗೆ ಕಳುಹಿಸಿ.

ಉತ್ತರ, ಧಾರವಾಡದಿಂದ

ದಾಂಡಿಗನನ್ನು ‘ಬ್ಯಾಟರ್’ ಮಾಡಿದವರೇ ನೀವು. ನಾಳೆ ‘ಗೆಲುವು’ ಕೂಡ ಓದುಗರಿಗೆ ತಿಳಿಯುವುದಿಲ್ಲವೆಂದು ‘ವಿನ್’ ಎಂದು ಬರೆದರೂ ನನಗೆ ಆಶ್ಚರ್ಯವಾಗುವುದಿಲ್ಲ. ಪತ್ರಿಕೆಗಳು ಓದುಗನ ಹೆಸರು ಹೇಳಿಕೊಂಡು ತಮ್ಮ ಸೋಮಾರಿತನವನ್ನು ಮುಚ್ಚಿಕೊಳ್ಳುತ್ತವೆ. ಮೂರು ವಾರ ಬಿಡದೆ ಬರೆದಿದ್ದರೆ ಓದುಗ ‘ಸಾಟಿ’ಯನ್ನೂ ಕಲಿಯುತ್ತಿದ್ದ.

ಉತ್ತರ, ಬೆಂಗಳೂರಿನಿಂದ

ಐಪಿಎಲ್ ‘ಹರಾಜು’ ಎಂದು ತಾವೂ ಬರೆಯುತ್ತೀರಲ್ಲವೇ? ಅದು ಅರಬ್ಬಿಯಿಂದ ಬಂದದ್ದು. ಪ್ರಶ್ನೆಯಲ್ಲಿರುವ ‘ನಗದು’, ‘ತಕರಾರು’ ಕೂಡ ಅದೇ ದಾರಿ ಹಿಡಿದು ಬಂದವು. ಅವುಗಳ ಮೇಲೆ ತಮಗೆ ಸಿಟ್ಟಿಲ್ಲ. ಇಂಗ್ಲಿಷಿನಿಂದ ಬಂದರೆ ಮಾತ್ರ ಮೈಲಿಗೆ ಎನ್ನುವುದಾದರೆ ಅದು ಭಾಷಾಶಾಸ್ತ್ರವಲ್ಲ.

ಉತ್ತರ, ಧಾರವಾಡದಿಂದ

ಆ ಪದಗಳು ಕಚೇರಿ, ಸಂತೆ, ಕಂದಾಯದ ದಫ್ತರಗಳ ಮೂಲಕ ಜನರ ಬಾಯಿಗೆ ಬಂದು ಪಳಗಿದವು. ‘ಟ್ರೇಡ್’ ಬಂದದ್ದು ದೂರದರ್ಶನದ ವೀಕ್ಷಕ ವಿವರಣೆಯಿಂದ. ‘ಮಾಡು’ ಎಂಬ ಊರುಗೋಲಿಲ್ಲದೆ ಅದು ಎದ್ದು ನಿಲ್ಲದು.

ಉತ್ತರ, ಬೆಂಗಳೂರಿನಿಂದ

‘ಹರಾಜು’ ಕೂಡ ‘ಹಾಕು’ ಇಲ್ಲದೆ ನಿಲ್ಲುವುದಿಲ್ಲ. ಇನ್ನು ಈ ವಿಷಯದಲ್ಲಿ ನಾನು ಬರೆಯುವುದಿಲ್ಲ.

ಉತ್ತರ, ಶಿವಮೊಗ್ಗದಿಂದ

ಎರವಲು ಪದಗಳ ವ್ಯಾಜ್ಯವನ್ನು ಬದಿಗಿಟ್ಟು ಕೇಳಿದ್ದಕ್ಕೆ ಉತ್ತರಿಸೋಣ. ನನ್ನ ಸಲಹೆ ‘ಬಿಕರಿ’. ಕೇಳಲು ಒರಟಾಗಿದ್ದರೂ ಅದರಲ್ಲಿ ಸತ್ಯವಿದೆ, ಏಕೆಂದರೆ ಈ ಆಟದ ಇತಿಹಾಸದಲ್ಲಿ ಸ್ವತಃ ಒಬ್ಬ ಆಟಗಾರನೇ ಅದನ್ನು ಹಾಗೆ ಕಂಡಿದ್ದಾನೆ. 1969ರ ಅಕ್ಟೋಬರ್‌ನಲ್ಲಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡ ಕರ್ಟ್ ಫ್ಲಡ್ ಅವರನ್ನು ಫಿಲಡೆಲ್ಫಿಯಾಕ್ಕೆ ಕೊಟ್ಟಾಗ ಅವರು ಹೋಗಲು ಒಪ್ಪಲಿಲ್ಲ. ತಮ್ಮ ಇಷ್ಟವನ್ನು ಕೇಳದೆ ಕೊಂಡು ಮಾರುವುದಕ್ಕೆ ತಾವು ಸ್ವತ್ತಲ್ಲ ಎಂಬ ಅರ್ಥದ ಪತ್ರವನ್ನು ಆ ಡಿಸೆಂಬರ್ 24ರಂದು ಲೀಗಿನ ಕಮಿಷನರ್ ಬೋವಿ ಕೂನ್ ಅವರಿಗೆ ಬರೆದು, ನ್ಯಾಯಾಲಯದ ಮೆಟ್ಟಿಲು ಹತ್ತಿದರು. 1972ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತರು. ಆಟಗಾರರು ಕರಾರಿನ ಸಂಕೋಲೆಯಿಂದ ಬಿಡಿಸಿಕೊಳ್ಳುವ ದಾರಿ ತೆರೆದದ್ದು 1975ರಲ್ಲಿ, ಬೇರೆ ಇಬ್ಬರು ಎಸೆತಗಾರರ ವಿಷಯದಲ್ಲಿ ಪಂಚಾಯಿತಿದಾರ ಪೀಟರ್ ಸೈಟ್ಸ್ ಕೊಟ್ಟ ತೀರ್ಪಿನಿಂದ. ‘ವಿನಿಮಯ’ ಎಂಬ ಸಭ್ಯ ಪದ ಇದನ್ನೆಲ್ಲ ಮರೆಮಾಚುತ್ತದೆ.

ಪ್ರಶ್ನೆ ಕೇಳಿದವರಿಂದ

ಫ್ಲಡ್ ಅವರ ಪ್ರಸಂಗವನ್ನು ಕರಪತ್ರದಲ್ಲಿ ಸೇರಿಸುತ್ತೇನೆ, ಆದರೆ ಪದ ಒಪ್ಪಿಗೆಯಾಗಲಿಲ್ಲ. ಬಿಕರಿಯಲ್ಲಿ ಹಣ ಮಾರಿದವನ ಕೈಗೆ ಬರಬೇಕು. ಇಲ್ಲಿ ಜೈಂಟ್ಸ್ ಆಟಗಾರನನ್ನೂ ಕೊಟ್ಟು, ಅವನ ಸಂಬಳದ ಭಾರವನ್ನು ಹಗುರ ಮಾಡಲು ಮೇಲೆ ಹಣವನ್ನೂ ಕೊಟ್ಟಿದೆ. ಎತ್ತನ್ನು ಕೊಂಡವನಿಗೆ ಮಾರಿದವನೇ ಮೇವಿನ ದುಡ್ಡನ್ನೂ ಕೊಟ್ಟು ಕಳುಹಿಸುವುದನ್ನು ಯಾವ ಸಂತೆಯಲ್ಲೂ ಬಿಕರಿ ಎನ್ನುವುದಿಲ್ಲ.

ಉತ್ತರ, ಹಾಸನದಿಂದ

ಇಷ್ಟು ಹೊತ್ತು ಎಲ್ಲರೂ ಸಂತೆಯಲ್ಲೇ ಪದ ಹುಡುಕುತ್ತಿದ್ದೀರಿ. ನಾನು ಸರ್ಕಾರಿ ಶಾಲೆಯಲ್ಲಿ ಮೇಷ್ಟರಾಗಿದ್ದು ನಿವೃತ್ತನಾದವನು. ನನ್ನ ಕಿವಿಗೆ ಈ ವ್ಯವಹಾರ ಮೊದಲಿನಿಂದಲೂ ‘ವರ್ಗ’ ಎಂದೇ ಕೇಳಿಸುತ್ತಿದೆ. ‘ಜೈಂಟ್ಸ್ ಟೇಲರ್ ರೋಜರ್ಸ್ ಅವರನ್ನು ರೆಡ್ಸ್‌ಗೆ ವರ್ಗ ಮಾಡಿತು.’ ಚತುರ್ಥಿ ತಾನಾಗಿಯೇ ಕೂರುತ್ತದೆ. ‘ಟೇಲರ್ ಅವರಿಗೆ ಸಿನ್ಸಿನಾಟಿಗೆ ವರ್ಗವಾಯಿತು’ ಎಂದರೆ ಯಾರೂ ನಗುವುದಿಲ್ಲ, ಬದಲಿಗೆ ಅಯ್ಯೋ ಪಾಪ, ತಮ್ಮ ಇಲ್ಲಿ ಅಣ್ಣ ಅಲ್ಲಿ ಎನ್ನುತ್ತಾರೆ. (ಅವಳಿಗಳಲ್ಲಿ ಹಿರಿಯರು ಯಾರೆಂದು ನನ್ನನ್ನು ಕೇಳಬೇಡಿ.) ವರ್ಗವಾಗುವವನ ಒಪ್ಪಿಗೆಯನ್ನು ಯಾರೂ ಕೇಳುವುದಿಲ್ಲ ಎಂಬ ಅರ್ಥ ಆ ಪದದ ಒಳಗೇ ಇದೆ, ಶಿವಮೊಗ್ಗದ ಮಿತ್ರರು ಬಿಕರಿಯಲ್ಲಿ ಹುಡುಕಿದ್ದು ಅದನ್ನೇ. ನಮ್ಮಲ್ಲಿ ‘ಪರಸ್ಪರ ವರ್ಗಾವಣೆ’ ಎಂಬುದೂ ಇದೆಯಾದರೂ ಅದಕ್ಕೆ ಇಬ್ಬರೂ ಮನವಿ ಸಲ್ಲಿಸಬೇಕಾದ್ದರಿಂದ ಇಲ್ಲಿ ಸಲ್ಲದು. ಬೇಸ್‌ಬಾಲ್‌ನಲ್ಲಿ ಒಲ್ಲೆ ಎನ್ನುವ ಹಕ್ಕು ಇರುವುದು ಹತ್ತು ವರ್ಷ ಸೇವೆ ಸಲ್ಲಿಸಿ, ಅದರಲ್ಲಿ ಕೊನೆಯ ಐದು ವರ್ಷ ಒಂದೇ ತಂಡದಲ್ಲಿ ಇದ್ದವರಿಗೆ ಮತ್ತು ಕರಾರಿನಲ್ಲಿಯೇ ಹಾಗೆಂದು ಬರೆಸಿಕೊಂಡವರಿಗೆ ಮಾತ್ರ.

ಅಡಾಮೆಸ್ ಅವರ ಸೇವಾ ಪುಸ್ತಕವನ್ನೇ ತೆರೆದು ನೋಡಿ. ಹದಿನೆಂಟರ ಹುಡುಗನಾಗಿದ್ದಾಗ, 2014ರಲ್ಲಿ ಡೆಟ್ರಾಯಿಟ್ ಸಂಸ್ಥೆಯಿಂದ ಟ್ಯಾಂಪಾ ಬೇಗೆ ವರ್ಗ. 2021ರ ಮೇ ತಿಂಗಳಲ್ಲಿ ಟ್ಯಾಂಪಾ ಬೇಯಿಂದ ಮಿಲ್ವಾಕಿಗೆ ವರ್ಗ. ಎರಡು ಸಲವೂ ಅವರು ‘ಹೋದದ್ದಲ್ಲ’, ಕಳುಹಿಸಲ್ಪಟ್ಟದ್ದು. ದೊಡ್ಡ ಲೀಗಿನಲ್ಲಿ ಆರು ವರ್ಷದ ಸೇವೆ ತುಂಬಿ ಕರಾರು ಮುಗಿದ ಮೇಲೆ, 2024ರ ಡಿಸೆಂಬರ್‌ನಲ್ಲಿ, ತಾವೇ ಆರಿಸಿ ಜೈಂಟ್ಸ್ ‘ಸೇರಿದರು’. ಹಿಂದಿನ ಎರಡಕ್ಕೆ ‘ವರ್ಗ’, ಮೂರನೆಯದಕ್ಕೆ ‘ಸೇರು’ ಎಂದು ಬಳಸಿದರೆ ಹಿರಿಯರಿಗೆ ಬೇರೆ ವಿವರಣೆಯೇ ಬೇಕಾಗಿಲ್ಲ. ದೊಡ್ಡ ತಂಡದಿಂದ ಸ್ಯಾಕ್ರಮೆಂಟೊದ ಕಿರಿಯ ತಂಡಕ್ಕೆ ಕಳುಹಿಸಿ, ಬೇಕಾದಾಗ ವಾಪಸು ಕರೆಸಿಕೊಳ್ಳುವುದಕ್ಕೆ ‘ನಿಯೋಜನೆ’ ಸಾಕು.

ಉತ್ತರ, ಉಡುಪಿಯಿಂದ

ವರ್ಗಾವಣೆ ಒಂದೇ ಇಲಾಖೆಯ ಒಳಗೆ ನಡೆಯುವಂಥದ್ದು. ಇಲ್ಲಿ ಎದುರಾಳಿಗೆ ಕೊಡುವುದು. ಇಲಾಖೆ ತನ್ನ ಮೇಷ್ಟರನ್ನು ಪಕ್ಕದ ಖಾಸಗಿ ಶಾಲೆಗೆ ವರ್ಗ ಮಾಡಿದ್ದುಂಟೇ?

ನನಗೆ ಹೆಚ್ಚು ಹತ್ತಿರವೆನಿಸಿದ್ದು ಯಕ್ಷಗಾನದ ಮಾತು. ಪತ್ತನಾಜೆಗೆ, ಅಂದರೆ ಆಟದ ಋತು ಮುಗಿಯುವ ದಿನ, ಮೇಳಗಳು (ಯಕ್ಷಗಾನ ತಂಡಗಳು) ಗೆಜ್ಜೆ ಬಿಚ್ಚಿದ ಮೇಲೆ, ಊರೂರು ಸುತ್ತಿ ಆಡುವ ಮುಂದಿನ ತಿರುಗಾಟದವರೆಗೆ ನಮ್ಮ ಕಡೆ ಮಳೆಗಾಲವಿಡೀ ನಡೆಯುವುದು ಇದೇ ಚರ್ಚೆ: ಯಾವ ಭಾಗವತರು ಯಾವ ಮೇಳ ಬಿಟ್ಟರು, ಸಾಲಿಗ್ರಾಮ ಮೇಳದಿಂದ ಪೆರ್ಡೂರು ಮೇಳಕ್ಕೆ ಯಾರು ಬಂದರು, ಅವರಿಲ್ಲದೆ ಎರಡನೆಯ ವೇಷಕ್ಕೆ ಗತಿ ಯಾರು ಎಂದು ಹೋಟೆಲಿನಲ್ಲಿ ಕುಳಿತ ಅಭಿಮಾನಿಗಳು ಮೇಳದ ಯಜಮಾನರಿಗಿಂತ ಹೆಚ್ಚು ತಲೆ ಕೆಡಿಸಿಕೊಳ್ಳುತ್ತಾರೆ. ಆಟವಿಲ್ಲದ ತಿಂಗಳುಗಳಿಗೆ ‘ತಿರುಗಾಟದ ಬಿಡುವು’ ಎನ್ನಿ. ಸ್ನೆಲ್ ಅವರದು ‘ಮೇಳ ಬದಲಾವಣೆ’.

ಉತ್ತರ, ಹಾಸನದಿಂದ

ಸ್ನೆಲ್ ಅವರಿಗೆ ತಮ್ಮ ಮಾತು ಸಲ್ಲುತ್ತದೆ, ಟೇಲರ್ ಅವರಿಗೆ ಸಲ್ಲುವುದಿಲ್ಲ. ಮೇಳ ಬಿಡುವುದು ಕಲಾವಿದ. ಇಲ್ಲಿ ಬಿಟ್ಟದ್ದು ಯಜಮಾನ. ಒಂದೇ ಇಲಾಖೆ ಎಂಬ ಆಕ್ಷೇಪಕ್ಕೂ ಉತ್ತರವಿದೆ. ತಂಡಗಳು ಮೂವತ್ತಾದರೂ ಲೀಗು ಒಂದೇ. ಆಟಗಾರನ ಕರಾರು ಹರಿದುಹೋಗುವುದಿಲ್ಲ, ಅದೇ ಕರಾರು ಅದೇ ಸಂಬಳದೊಡನೆ ಹೊಸ ತಂಡಕ್ಕೆ ಹಸ್ತಾಂತರವಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಆರು ವರ್ಷದ ಸೇವಾವಧಿಯನ್ನು ಲೆಕ್ಕ ಹಾಕುವಾಗ ಯಾವ ತಂಡದಲ್ಲಿ ಎಷ್ಟು ದಿನ ಎಂದು ಕೇಳದೆ ಎಲ್ಲವನ್ನೂ ಒಟ್ಟಿಗೆ ಕೂಡುತ್ತಾರೆ. ತಾಲ್ಲೂಕು ಬದಲಾದರೂ ಸೇವೆ ಮುಂದುವರಿಯುವ ಹಾಗೆಯೇ.

ಉತ್ತರ, ಮೈಸೂರಿನಿಂದ

ವಿನಿಮಯವೇ ಸರಿ ಎಂಬ ನನ್ನ ಅಭಿಪ್ರಾಯ ಬದಲಾಗಿಲ್ಲ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ವಂದನೆಗಳು. ಅಚ್ಚಿಗೆ ಕಳುಹಿಸಿದ ಭಾಗವನ್ನು ಇಲ್ಲಿ ಹಾಕಿದ್ದೇನೆ.

‘ಎರಡು ಸಲ ಬೇರೆಯವರ ತೀರ್ಮಾನದಂತೆ ವರ್ಗವಾಗಿದ್ದ ವಿಲ್ಲಿ ಅಡಾಮೆಸ್, ಈ ಬಾರಿ ಕರಾರು ಮುಗಿದ ಮುಕ್ತ ಆಟಗಾರರಾಗಿ ಜೈಂಟ್ಸ್ ಸೇರಿದರು. ಬ್ಲೇಕ್ ಸ್ನೆಲ್ ಕರಾರಿನಿಂದ ಹೊರಬರುವ ಹಕ್ಕನ್ನು ಬಳಸಿ ಡಾಡ್ಜರ್ಸ್ ಸೇರಿದರು. ಟೇಲರ್ ರೋಜರ್ಸ್ ಅವರನ್ನು ತಂಡ ಸಿನ್ಸಿನಾಟಿ ರೆಡ್ಸ್‌ಗೆ ವರ್ಗ ಮಾಡಿ, ಅಲ್ಲಿಂದ ಒಬ್ಬ ಯುವ ಎಸೆತಗಾರನನ್ನು ಪಡೆಯಿತು.’

ಸಭೆಯಲ್ಲಿ ಹುಡುಗರು ಹೇಗೂ ‘ಟ್ರೇಡ್’ ಎಂದೇ ಕೂಗಾಡುವುದರಿಂದ ಆ ಪದವನ್ನೂ ಮೊದಲ ಸಾಲಿನಲ್ಲಿ ಒಮ್ಮೆ ಪರಿಚಯಿಸಿದ್ದೇನೆ. ‘ತಿರುಗಾಟದ ಬಿಡುವು’ ನನಗೆ ಬಹಳ ಹಿಡಿಸಿತಾದರೂ ಬಯಲುಸೀಮೆಯವರಿಗೆ ಅದನ್ನು ವಿವರಿಸಲು ಜಾಗವಿರಲಿಲ್ಲ. ‘ಆಟವಿಲ್ಲದ ತಿಂಗಳುಗಳು’ ಎಂದು ಬರೆದೆ.

ಉತ್ತರ, ಧಾರವಾಡದಿಂದ

‘ಮುಕ್ತ ಆಟಗಾರ’ ಎಂಬುದು ಶುದ್ಧ ತಪ್ಪು. ಆ ಬಗ್ಗೆ ಬೇರೆ ಎಳೆಯಲ್ಲಿ ಬರೆಯುತ್ತೇನೆ.