ಹೊಂಗೆ ಎಣ್ಣೆ ಕುಡಿದ ಜನರೇಟರ್, ಡೀಸೆಲ್ ಪಂಪ್ ಜಾಮ್. ನಾವೇ ಬಿಚ್ಚಬಹುದಾ?

ತೋಟದಮನೆ_ಅರಸೀಕೆರೆ:
ಎಲ್ರಿಗೂ ನಮಸ್ಕಾರ. ತೋಟದಲ್ಲಿ ಹಳೇ 5 ಕೆವಿಎ ಡೀಸೆಲ್ ಜನರೇಟರ್ ಇದೆ, ಸಿಂಗಲ್ ಸಿಲಿಂಡರ್, ಹ್ಯಾಂಡಲ್ ಹೊಡೆದು ಸ್ಟಾರ್ಟ್ ಮಾಡೋದು. ನಮ್ಮ ಸೋದರಮಾವ ನೋಡ್ಕೋತಿದ್ದಾಗ ಗಾಣದ ಹೊಂಗೆ ಎಣ್ಣೆನ ಡೀಸೆಲ್ ಜೊತೆ ಬೆರೆಸಿ ಓಡಿಸ್ತಿದ್ರು, ಬೇಲಿ ತುಂಬ ಹೊಂಗೆ ಮರ ಇಟ್ಕೊಂಡು ಬಂಕಿಗ್ಯಾಕೆ ದುಡ್ಡು ಸುರೀಲಿ ಅನ್ನೋರು. ಅವರು ಮೈಸೂರಿಗೆ ಮಗನ ಮನೆಗೆ ಹೋದ್ಮೇಲೆ ಯಾರೂ ಅದನ್ನ ಮುಟ್ಟಿಲ್ಲ, ಮಿಕ್ಸ್ ಎಣ್ಣೆ ಟ್ಯಾಂಕಲ್ಲೇ ಉಳ್ಕೊಂಡಿತ್ತು. ಈಗ ಕಂಪ್ರೆಷನ್ ಏನೋ ಜೋರಾಗೇ ಇದೆ, ಆದ್ರೆ ನಾಝಲ್‌ಗೆ (ಸಿಲಿಂಡರ್ ಒಳಗೆ ಡೀಸೆಲ್ ಸಿಂಪಡಿಸೋ ಭಾಗ) ಒಂದು ಹನಿ ಡೀಸೆಲ್ ಬರ್ತಿಲ್ಲ. ಪಂಪಿನ ರ‍್ಯಾಕ್ (ಡೀಸೆಲ್ ಹೆಚ್ಚು ಕಮ್ಮಿ ಮಾಡೋ ಹಲ್ಲಿನ ಕಡ್ಡಿ) ಬೆರಳಲ್ಲಿ ಎಷ್ಟು ಒತ್ತಿದ್ರೂ ಅಲ್ಲಾಡಲ್ಲ. ಡೀಸೆಲ್ ಪೈಪಿನ ಬೋಲ್ಟ್ ಬಿಚ್ಚಿ ನೋಡಿದ್ರೆ ಒಳಗೆ ಜೋನಿಬೆಲ್ಲದ ಥರ ಕೆಂಪಗೆ ಅಂಟು, ಡೀಸೆಲ್ ಹಾಕಿ ಉಜ್ಜಿದ್ರೂ ಹೋಗ್ತಿಲ್ಲ. ಮೆಕ್ಯಾನಿಕ್ ಬಂದು ನೋಡಿ ಹೊಸಾ ಪಂಪೇ ಹಾಕ್ಬೇಕು ಅಂತಾನೆ. ಕ್ಲೀನ್ ಮಾಡಿದ್ರೆ ಸರಿ ಹೋಗಲ್ವಾ?

ಬೆಂಚ್_ಹುಬ್ಬಳ್ಳಿ:
ಅಣ್ಣಾರ, ಮೊದಲ ಒಂದ ಮಾತ ಕೇಳ್ರಿ. ರ‍್ಯಾಕ್ ಜಾಮ್ ಇದ್ದಾಗ ಇಂಜಿನ್ ಚಾಲೂ ಮಾಡಾಕ ಹೋಗಬ್ಯಾಡ್ರಿ. ಅದು ಫುಲ್ ಕಡೆ ಹಿಡಕೊಂಡ ಕುಂತಿದ್ರ ಸ್ಪೀಡ್ ಹಿಡತದಾಗ ಇಡೂ ಗವರ್ನರ್ ಏನೂ ಮಾಡಾಕ ಆಗೂದಿಲ್ಲ, ಸ್ಪೀಡ್ ಏರಕೋಂತನ ಹೊಕ್ಕೈತಿ, ಸ್ಟಾಪ್ ಲಿವರ್ ಎಳದ್ರೂ ನಿಲ್ಲಂಗಿಲ್ಲ. ಹಂಗೇನರ ಆತಂದ್ರ ಏರ್ ಕ್ಲೀನರ್ ಬಾಯಿಗೆ ಹಲಗಿ ಒತ್ತಿ ಗಾಳಿ ಬಂದ್ ಮಾಡ್ಬೇಕು, ಕೈ ಒಡ್ಡಬಾರದು.

ಪಂಪ್ ಒಗಿಯೂದು ಬ್ಯಾಡ್ರಿ, ಅಂಟಿಗೆ ಪಂಪ್ ಸಾಯಂಗಿಲ್ಲ. ಆದ್ರ ಅಂಟು ಎರಡ ಥರ. ನಿಂತ ಡೀಸೆಲಿನ ವಾರ್ನಿಶ್ ಇದ್ರ ಹೊಸಾ ಡೀಸೆಲ್ ಒಳಗ ರಾತ್ರಿಯೆಲ್ಲಾ ನೆನಸಿ ರ‍್ಯಾಕ್ ಮೆಲ್ಲಕ ಆಡಿಸಿದ್ರ ಎಷ್ಟೋ ಸಲ ಬಿಟ್ಟಬಿಡ್ತೈತಿ. ನಿಮ್ಮದು ಎಣ್ಣಿ ಅಂಟು, ಗಾಳಿ ತಾಗಿ ಗಟ್ಟಿ ಆಗಿರತೈತಿ, ಅದಕ್ಕ ಡೀಸೆಲ್ ಸಾಲಂಗಿಲ್ಲ, ಅಸಿಟೋನ್ ಇಲ್ಲಾ ಕಾರ್ಬೊರೇಟರ್ ಕ್ಲೀನರ್ ಬೇಕು. ಓ ರಿಂಗ್ ಎಲ್ಲಾ ತಗದ ಇಡ್ರಿ, ರಬ್ಬರ್ ಅಸಿಟೋನಿಗೆ ಉಬ್ಬತೈತಿ. ಕಾಸ್ಟಿಕ್ ಸೋಡಾ ನೀರಾಗ ಕುದಸು ಅಂತ ಯಾರರ ಹೇಳಿದ್ರ ಕೇಳಬ್ಯಾಡ್ರಿ, ಅಲ್ಯೂಮಿನಿಯಂ ಬಾಡಿ ಇದ್ರ ತಿಂದ ಹಾಕತೈತಿ.

ಕಾಫಿಕಾಡು:
ಬೆಂಚ್ ಸರ್ ಹೇಳಿದ್ದೇ ಸರಿ. ಒಂದಷ್ಟು ಸೇರಿಸ್ತೀನಿ.

ಪಂಪ್ ಇಳಿಸೋ ಮುಂಚೆ ಹೊರಗಡೆ ಬ್ರಷ್ ಹಾಕಿ ಚೆನ್ನಾಗಿ ತೊಳೀರಿ, ಇಲ್ಲಾಂದ್ರೆ ಮಣ್ಣೆಲ್ಲಾ ಒಳಗೇ ಹೋಗೋದು. ಇಳಿಸುವಾಗ ಪಂಪಿನ ತಳದಲ್ಲಿ ಶಿಮ್ ಅಂತ ತೆಳ್ಳಗಿನ ತಗಡು ಇರುತ್ತೆ, ಅದನ್ನ ಎಣಿಸಿ, ಅಷ್ಟನ್ನೇ ವಾಪಸ್ ಹಾಕಿ. ಟೈಮಿಂಗ್ ನಿಂತಿರೋದೇ ಅದರ ಮೇಲೆ. ಒಳಗಿನ ಪ್ಲಂಜರ್ (ಡೀಸೆಲ್ ತಳ್ಳೋ ಕಡ್ಡಿ), ಬ್ಯಾರಲ್ (ಅದು ಆಡೋ ಕೊಳವೆ) ಎರಡೂ ಸೇರಿ ಒಂದು ಜೋಡಿ, ಅಂಗಡೀಲಿ ಎಲಿಮೆಂಟ್ ಅಂತಾರೆ, ನಡುವೆ ಇರೋ ಗ್ಯಾಪ್ ಬರೀ 2ರಿಂದ 4 ಮೈಕ್ರಾನ್. ಅದಕ್ಕೇ ಎಮರಿ ಪೇಪರ್, ವೈರ್ ಬ್ರಷ್ ಹತ್ರಾನೂ ತರಬೇಡಿ, ಬನಿಯನ್ ವೇಸ್ಟಲ್ಲೂ ಒರೆಸಬೇಡಿ, ಒಂದು ನೂಲಿನ ಎಳೆ ಸಿಕ್ಕಿದ್ರೂ ಮತ್ತೆ ಜಾಮ್. ಹೊಳೆಯೋ ಭಾಗಾನ ಬರಿಗೈಲಿ ಹಿಡೀಬೇಡಿ, ಬೆವರಿಗೆ ತುಕ್ಕು ಹಿಡಿಯುತ್ತೆ.

ಪ್ಲಂಜರ್ ಬರ್ತಿಲ್ಲ ಅಂತ ಸುತ್ತಿಗೆ ತಗೋಬೇಡಿ ಮಾರಾಯ್ರೇ. ನೆನೆಸಿ, ತಿರುಗಿಸಿ ನೋಡಿ, ಮತ್ತೆ ನೆನೆಸಿ. ಕ್ಲೀನ್ ಆದ್ಮೇಲೆ ಟೆಸ್ಟ್ ಹೀಗೆ: ಎರಡನ್ನೂ ಶುದ್ಧ ಡೀಸೆಲಲ್ಲಿ ಅದ್ದಿ, ಬ್ಯಾರಲ್ ಓರೆಯಾಗಿ ಹಿಡಿದು ಪ್ಲಂಜರ್ ಸ್ವಲ್ಪ ಹೊರಗೆಳೆದು ಬಿಡಿ. ತನ್ನ ಭಾರಕ್ಕೇ ನಿಧಾನವಾಗಿ ಜಾರಿ ಒಳಗೆ ಹೋಗ್ಬೇಕು. ಮಧ್ಯ ಎಲ್ಲಾದ್ರೂ ನಿಂತ್ರೆ ಇನ್ನೂ ಅಂಟಿದೆ, ದಬಕ್ ಅಂತ ಬಿದ್ರೆ ಸವೆದಿದೆ, ಆಗ ಎಲಿಮೆಂಟ್ ಒಂದನ್ನೇ ಬದಲಾಯಿಸಿದ್ರೆ ಆಯ್ತು, ಪಂಪ್ ಪೂರ್ತಿ ಬೇಡ. ಅದರ ಮೇಲೆ ನಂಬರ್ ಕೊರೆದಿರುತ್ತೆ, ಅದನ್ನ ತೋರಿಸಿ ಕೇಳಿ. ಪಂಪ್ ಮಾಡೋ ಮೈಕೋ ಕಂಪನಿ ಹೆಸರು 2008ರಲ್ಲೇ ಬಾಷ್ ಆದ್ರೂ ಅಂಗಡಿಯೋರು ಇವತ್ತಿಗೂ ಮೈಕೋ ಅಂತಾನೇ ತೆಗೆದುಕೊಡ್ತಾರೆ.

ತೋಟದಮನೆ_ಅರಸೀಕೆರೆ:
ತುಂಬಾ ಥ್ಯಾಂಕ್ಸ್. ಅಸಿಟೋನಲ್ಲಿ ನೆನೆಸಿದ್ಮೇಲೆ ಪ್ಲಂಜರ್ ಬಂತು! ನೀವು ಹೇಳಿದ ಹಾಗೇ ನಿಧಾನಕ್ಕೆ ಜಾರ್ತಿದೆ, ಖುಷಿ ಆಯ್ತು. ಈಗ ಜೋಡಿಸೋದೇ ಭಯ, ಪ್ಲಂಜರ್ ಕೆಳಗಡೆ ರೆಕ್ಕೆ ಥರ ಇದೆ, ಅದರ ಒಂದು ಪಕ್ಕ ಗುರುತಿದೆ, ಅದು ಯಾವ ಕಡೆ ಬರ್ಬೇಕು?

ಬೆಂಚ್_ಹುಬ್ಬಳ್ಳಿ:
ಛಲೋ ಕೇಳಿದ್ರಿ, ಭಾಳ ಮಂದಿ ಕೇಳೂದಿಲ್ಲ ಹಂಗ ತುರುಕತಾರ. ರ‍್ಯಾಕಿನ ಹಲ್ಲಿನ ಮ್ಯಾಲೆ ಒಂದ ಚುಕ್ಕಿ ಇರತೈತಿ, ಅದರಾಗ ಕೂಡೂ ಸ್ಲೀವಿನ ಮ್ಯಾಲೂ ಒಂದ ಇರತೈತಿ, ಎರಡೂ ಕೂಡಬೇಕು. ರೆಕ್ಕಿ ಗುರುತು ಯಾವ ಕಡೆ ಅನ್ನೂದು ಪಂಪಿಗೆ ತಕ್ಕಂಗ ಬ್ಯಾರೆ ಇರತೈತಿ, ಬಿಚ್ಚೂ ಮುಂದ ಫೋಟೋ ಹೊಡದಿದ್ರ ಅದನ್ನ ನೋಡ್ರಿ. ಇಲ್ಲಂದ್ರ ಅಲ್ಲೇ ಹಾಸನದಾಗ ಪಂಪ್ ಬೆಂಚ್ (ಪಂಪ್ ಟೆಸ್ಟ್ ಮಾಡೂ ಮಷೀನ್) ಇದ್ದ ಕಡೆ ಒಯ್ದು ಜೋಡಿಸಿ ಕ್ಯಾಲಿಬ್ರೇಷನ್ ಮಾಡಸ್ರಿ. ಉಲ್ಟಾ ಕುಂತ್ರ ನಾ ಮೊದಲ ಹೇಳಿದ್ದ ಆಗತೈತಿ, ಇಂಜಿನ್ ಓಡಿ ಹೊಕ್ಕೈತಿ. ಡೆಲಿವರಿ ವಾಲ್ವ್ ಹೋಲ್ಡರ್ (ಬ್ಯಾರಲ್ ಮ್ಯಾಲೆ ಕೂಡೂ ನಟ್) ಸಿಕ್ಕಾಪಟ್ಟಿ ಬಿಗಿ ಮಾಡಬ್ಯಾಡ್ರಿ, ಬ್ಯಾರಲ್ ಹಿಚಕಿ ಪ್ಲಂಜರ್ ಮತ್ತ ಹಿಡೀತೈತಿ. ಇಂಜಿನ್ ಮ್ಯಾಲೆ ಕೂಡಸೂ ಮುಂದ ಗವರ್ನರ್ ಕೈ ರ‍್ಯಾಕಿನ ಪಿನ್ನಿಗೆ ಸಿಕ್ಕೈತೇನು ಅಂತ ಎರಡ ಸಲ ನೋಡ್ರಿ. ಆಮ್ಯಾಲೆ ಡೀಸೆಲ್ ಲೈನಿನಾಗ ಸಿಕ್ಕ ಏರ್ ತಗೀರಿ, ಮೊದಲ ಫಿಲ್ಟರ್, ಆಮ್ಯಾಲೆ ಪಂಪ್, ಕಡೀಕ ನಾಝಲ್ ನಟ್.

ಎಣ್ಣೆಗಾಣ:
ನಾಝಲ್ ಮರೀಬೇಡಿ, ಪಂಪಿಗೆ ಅಂಟಿದ್ದು ಅಲ್ಲೂ ಅಂಟಿರುತ್ತೆ, ಟೆಸ್ಟರಲ್ಲಿ ಚೆಕ್ ಮಾಡ್ಸಿ. ಸ್ಪ್ರೇ ಹೊಡೆಯುವಾಗ ಎದುರಿಗೆ ಕೈ ಇಡಬೇಡಿ, ಆ ಪ್ರೆಶರಿಗೆ ಡೀಸೆಲ್ ಚರ್ಮದೊಳಗೇ ನುಗ್ಗುತ್ತೆ, ಹಾಗಾದ್ರೆ ತಕ್ಷಣ ಆಸ್ಪತ್ರೆಗೆ ಓಡಬೇಕು.

ನಿಮ್ಮ ಮಾವನ ಹುಚ್ಚನ್ನ ಪೂರ್ತಿ ಬೈಯ್ಯೋಕೂ ಆಗಲ್ಲ ಬಿಡಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ (ಐಐಎಸ್ಸಿ) ಪ್ರೊಫೆಸರ್ ಉಡುಪಿ ಶ್ರೀನಿವಾಸ ಅವರು ಹಳ್ಳಿಗಳಲ್ಲಿ ಹೊಂಗೆ ಎಣ್ಣೇಲೇ ಜನರೇಟರ್ ಓಡಿಸಿ ತೋರಿಸಿದ್ರಲ್ಲ. ತೊಂದ್ರೆ ಆಗೋದು ಎಣ್ಣೆ ಒಳಗಿಟ್ಟು ಹಾಗೇ ಆಫ್ ಮಾಡಿದ್ರೆ. ಕಚ್ಚಾ ಹೊಂಗೆ ಎಣ್ಣೆ ಡೀಸೆಲಿಗಿಂತ ಸುಮಾರು ಹತ್ತು ಪಟ್ಟು ಮಂದ, ಬಿಸಿ ಇಂಜಿನ್‌ಗೆ ಹೆಂಗೋ ನಡೆಯುತ್ತೆ, ತಣ್ಣಗಾದ್ರೆ ಕೂತ್ಕೊಳ್ಳುತ್ತೆ. ಎರಡು ಟ್ಯಾಂಕ್ ಇಟ್ಟು ಸ್ಟಾರ್ಟ್ ಡೀಸೆಲಲ್ಲಿ, ನಿಲ್ಲಿಸೋ ಮುಂಚೆ ಮತ್ತೆ ಡೀಸೆಲಲ್ಲಿ ಸ್ವಲ್ಪ ಹೊತ್ತು ಓಡಿಸಿದ್ರೆ ಪಂಪ್ ತೊಳೆದ ಹಾಗಾಗುತ್ತೆ. ಬಯೋಡೀಸೆಲ್ ಬೇರೆ, ಅದರಲ್ಲಿ ಗ್ಲಿಸರಿನ್ ತೆಗೆದಿರ್ತಾರೆ, ಹೆಚ್ಚು ಕಮ್ಮಿ ಡೀಸೆಲಷ್ಟೇ ತೆಳ್ಳಗಿರುತ್ತೆ. ನಿಮಗೆ ಹಾಸನದ ಮಡೇನೂರು ಬಯೋಫ್ಯೂಯಲ್ ಪಾರ್ಕ್ ಹತ್ರಾನೇ ಅಲ್ವಾ, ಮರ ಇರೋರು ಒಂದ್ಸಲ ಹೋಗಿ ಕೇಳಿ.

ತೋಟದಮನೆ_ಅರಸೀಕೆರೆ:
ಫೋಟೋ ತೆಗೆದಿಲ್ಲ, ಹಾಸನದ ಬೆಂಚಿಗೇ ಒಯ್ತೀನಿ, ನಾಝಲ್ಲೂ ಜೊತೆಗೇ ಕೊಡ್ತೀನಿ. ಟ್ಯಾಂಕ್ ತಳದಲ್ಲೂ ಅದೇ ಅಂಟು ಇದೆ, ಅದನ್ನ ಕ್ಲೀನ್ ಮಾಡದೆ ಹೊಸ ಫಿಲ್ಟರ್ ಹಾಕಿ ಪ್ರಯೋಜನ ಇಲ್ಲ ಅಲ್ವಾ?

ಕಾಫಿಕಾಡು:
ಇಲ್ಲವೇ ಇಲ್ಲ. ಟ್ಯಾಂಕ್ ಮೊದಲು, ಪೈಪ್ ಆಮೇಲೆ, ಫಿಲ್ಟರ್ ಕೊನೇಗೆ.