ಕ್ಲಿಕಿ ಕೀಬೋರ್ಡ್‌ನಲ್ಲಿ ಬೆರಳು ನೋವು, ಒಂದು ಅಕ್ಷರ ಎರಡೆರಡು ಸಲ ಬೀಳುತ್ತದೆ: ಸ್ವಿಚ್ ಬದಲಿಸಬೇಕಾ, ಕೀಬೋರ್ಡೇ ಬದಲಿಸಬೇಕಾ?

ಬೆರಳಚ್ಚು:

ಎಲ್ಲರಿಗೂ ನಮಸ್ಕಾರ. ನನ್ನದು ಅನುವಾದದ ಕೆಲಸ, ಬೆಳಗಿನಿಂದ ಸಂಜೆವರೆಗೂ ಟೈಪಿಂಗ್. ಲ್ಯಾಪ್‌ಟಾಪ್ ಕೀಬೋರ್ಡ್ ಬಿಟ್ಟು ಈಚೆಗೆ ಕ್ಲಿಕಿ ಮೆಕ್ಯಾನಿಕಲ್ ಕೀಬೋರ್ಡ್ ತೆಗೆದುಕೊಂಡೆ, ಅಂದರೆ ಪ್ರತಿ ಕೀ ಅಡಿಯಲ್ಲೂ ಒಂದೊಂದು ಸ್ವಿಚ್ ಇದ್ದು ಒತ್ತಿದಾಗ ಕ್ಲಿಕ್ ಅನ್ನುವಂಥದ್ದು. ಅದರ ಸದ್ದು ನನಗೆ ತುಂಬಾ ಹಿಡಿಸಿದೆ. ಅಕ್ಷರ ಬಿತ್ತು ಅಂತ ಪರದೆ ನೋಡದೆಯೇ ಬೆರಳಿಗೆ ಗೊತ್ತಾಗುತ್ತದೆ.

ಆದರೆ ಸಂಜೆ ಹೊತ್ತಿಗೆ ಕಿರುಬೆರಳು, ಉಂಗುರದ ಬೆರಳು ನೋಯುತ್ತವೆ. ಮಣಿಕಟ್ಟಿನ ಮೇಲ್ಭಾಗ ಹಿಡಿದುಕೊಂಡ ಹಾಗೆ ಇರುತ್ತದೆ. ಸಾಲದ್ದಕ್ಕೆ 'ಎಸ್' ಕೀ ಒಂದು ಸಲ ಒತ್ತಿದರೆ ಕೆಲವೊಮ್ಮೆ ಎರಡು ಸಲ ಬೀಳುತ್ತದೆ. ಸ್ಪೇಸ್‌ಬಾರ್ ಗಡಗಡ ಅನ್ನುತ್ತದೆ.

ಕೀಬೋರ್ಡ್ 104 ಕೀಗಳದ್ದು, ಹಾಟ್‌ಸ್ವಾಪ್, ಅಂದರೆ ಬೆಸುಗೆ ಇಲ್ಲದೆಯೇ ಸ್ವಿಚ್ ಕಿತ್ತು ಬೇರೆ ಹಾಕಬಹುದು. 'ಬ್ರೌನ್ ಸ್ವಿಚ್ ಹಾಕ್ಕೊಳ್ಳಿ, ಎಲ್ಲಾ ಸರಿ ಹೋಗುತ್ತದೆ' ಅಂತ ಗೆಳೆಯರು ಹೇಳುತ್ತಿದ್ದಾರೆ. ಆದರೆ ಬ್ರೌನ್‌ನಲ್ಲಿ ಕ್ಲಿಕ್ ಇರುವುದಿಲ್ಲ, ಅದನ್ನು ಬಿಟ್ಟುಕೊಡಲು ನನಗೆ ಮನಸ್ಸಿಲ್ಲ. ಕ್ಲಿಕ್ ಇಟ್ಟುಕೊಂಡೇ ಆರಾಮವಾಗಿ ಟೈಪ್ ಮಾಡಲು ಯಾವುದನ್ನು ಆರಿಸಲಿ?

ಸ್ಪ್ರಿಂಗ್‌ಪ್ರಿಯ:

ಏನನ್ನೂ ಕೊಳ್ಳುವ ಮೊದಲು ಕೆಲವು ವಿಷಯ ಹೇಳಿ. ಕೀಬೋರ್ಡ್‌ನ ಹಿಂದಿನ ಕಾಲುಗಳನ್ನು ಎತ್ತಿ ನಿಲ್ಲಿಸಿದ್ದೀರಾ? ಒಂದು ಕೀಕ್ಯಾಪ್ (ಕೀ ಮೇಲಿನ ಮುಚ್ಚಳ) ತೆಗೆದು ನೋಡಿ, ಒಳಗಿನ ಸ್ಟೆಮ್, ಅಂದರೆ ಒತ್ತಿದಾಗ ಕೆಳಗಿಳಿಯುವ ತುಂಡು, ಯಾವ ಬಣ್ಣ? ಸ್ವಿಚ್ ಮೇಲೆ ಯಾರ ಹೆಸರು ಇದೆ? 'ಎಸ್' ಎರಡು ಸಲ ಬೀಳುವುದು ಥಟ್ಟನೆ ತಟ್ಟಿದಾಗಲೋ, ಬೆರಳು ಸ್ವಲ್ಪ ಹೊತ್ತು ಅಲ್ಲೇ ಉಳಿದಾಗಲೋ?

ಮನೆಯಲ್ಲಿ ಡಿಜಿಟಲ್ ತಕ್ಕಡಿ ಇದ್ದರೆ ಇನ್ನೊಂದು ಕೆಲಸ ಮಾಡಿ. ಒಂದು ಸ್ವಿಚ್ ಕಿತ್ತು ತಲೆಕೆಳಗಾಗಿ ಹಿಡಿಯಿರಿ. ಸ್ಟೆಮ್ ತಕ್ಕಡಿಯ ತಟ್ಟೆಗೆ ತಾಗಲಿ. ಮೆಲ್ಲಗೆ ಒತ್ತುತ್ತಾ ಹೋಗಿ, ಕ್ಲಿಕ್ ಆಗುವುದಕ್ಕೆ ಸ್ವಲ್ಪ ಮುಂಚೆ ತಕ್ಕಡಿ ಎಷ್ಟು ಗ್ರಾಂ ತೋರಿಸುತ್ತದೆ ನೋಡಿ. ಕರಾರುವಾಕ್ಕಾದ ಅಳತೆ ಅಲ್ಲ, ಆದರೆ ಹಗುರವೋ ಭಾರವೋ ಅನ್ನುವುದಂತೂ ಗೊತ್ತಾಗುತ್ತದೆ.

ಬೆರಳಚ್ಚು:

ಕಾಲುಗಳು ಎತ್ತಿವೆ. ಸ್ಟೆಮ್ ಹಸಿರು ಬಣ್ಣ. ಸ್ವಿಚ್ ಮೇಲಿನ ಹೆಸರು ನಾನು ಎಲ್ಲೂ ಕೇಳಿಲ್ಲದ್ದು. ತಕ್ಕಡಿ ಸುಮಾರು 80 ಗ್ರಾಂ ತೋರಿಸಿತು, ಬೇರೆ ಸ್ವಿಚ್ ಹಾಕಿ ನೋಡಿದರೂ ಹೆಚ್ಚುಕಡಿಮೆ ಅಷ್ಟೇ. 'ಎಸ್' ತೊಂದರೆ ಥಟ್ಟನೆ ತಟ್ಟಿದಾಗಲೇ ಆಗುತ್ತದೆ.

ಸ್ಪ್ರಿಂಗ್‌ಪ್ರಿಯ:

80 ಗ್ರಾಂ ಅಂದರೆ ನಿಮ್ಮ ಬೆರಳು ನೋವಿನ ಅರ್ಧ ಕಥೆ ಸಿಕ್ಕ ಹಾಗೆ. ಚೆರ್ರಿ ಕಂಪನಿಯ ಎಂಎಕ್ಸ್ ಬ್ಲೂ ಸುಮಾರು 60 ಗ್ರಾಂ ಕೇಳುತ್ತದೆ. ಅದೇ ಕಂಪನಿಯ ಎಂಎಕ್ಸ್ ಗ್ರೀನ್ ಅನ್ನುವುದು ಬ್ಲೂ ಸ್ವಿಚ್‌ನ ಭಾರದ ಅಣ್ಣ, 80ರ ಆಸುಪಾಸು. ನಿಮ್ಮದು ಬೇರೆ ಕಂಪನಿಯದ್ದಾದರೂ ಅದೇ ದಾರಿ ಹಿಡಿದಂತಿದೆ. ಒಂದು ಮಾತು ನೆನಪಿಡಿ, ಬಣ್ಣಕ್ಕೆ ಎಲ್ಲರೂ ಒಪ್ಪುವ ನಿಯಮ ಇಲ್ಲ. ಒಂದು ಕಂಪನಿಯ ಬಿಳಿ ಕ್ಲಿಕಿ ಆಗಿದ್ದರೆ ಇನ್ನೊಂದರ ಬಿಳಿ ಮೌನಿ ಆಗಿರಬಹುದು. ಬಣ್ಣ ಬಿಟ್ಟು ಗ್ರಾಂ ಎಷ್ಟು, ಎಷ್ಟು ಮಿಲಿಮೀಟರ್‌ಗೆ ಅಕ್ಷರ ಬೀಳುತ್ತದೆ ಅನ್ನುವುದನ್ನು ನೋಡಿ.

ನೋವು ಬರುತ್ತಿರುವುದು ಕ್ಲಿಕ್‌ನಿಂದ ಅಲ್ಲ ಅಂತ ನನ್ನ ಗಟ್ಟಿ ಅಭಿಪ್ರಾಯ. ಕ್ಲಿಕ್ ಬರೀ ಸುದ್ದಿ ತರುವ ಕೆಲಸ ಮಾಡುತ್ತದೆ. ಬೆರಳನ್ನು ದಣಿಸುವುದು ಸ್ಪ್ರಿಂಗ್‌ನ ಭಾರ, ಕೀಬೋರ್ಡ್‌ನ ಎತ್ತರ, ಮತ್ತು ಕ್ಲಿಕ್ ಕೇಳಿದ ಮೇಲೂ ಕೀ ತಳಕ್ಕೆ ಬಡಿಯುವ ತನಕ ಒತ್ತುವ ಅಭ್ಯಾಸ. ಬ್ರೌನ್ ಹಾಕಿದರೆ ಸ್ಪ್ರಿಂಗ್ ಹಗುರ ಆಗುತ್ತದೆ ನಿಜ. ಆದರೆ ಹಗುರವಾದ ಕ್ಲಿಕಿಯೂ ಸಿಗುತ್ತದೆ, ಅದಕ್ಕಾಗಿ ಕ್ಲಿಕ್ ಕಳೆದುಕೊಳ್ಳಬೇಕಾಗಿಲ್ಲ.

ಈಗಲೇ ಮಾಡಬೇಕಾದದ್ದು: ಆ ಕಾಲುಗಳನ್ನು ಮಡಚಿಬಿಡಿ. ಕೀಬೋರ್ಡ್ ಹಿಂಭಾಗ ಎತ್ತಿದಷ್ಟೂ ಅಂಗೈ ಹಿಂದಕ್ಕೆ ಬಾಗುತ್ತದೆ. ದಿನವಿಡೀ ಹಾಗೇ ಇದ್ದರೆ ಮಣಿಕಟ್ಟಿನ ಮೇಲ್ಭಾಗ ಹಿಡಿದುಕೊಳ್ಳದೆ ಇನ್ನೇನಾಗುತ್ತದೆ? ಮೆಕ್ಯಾನಿಕಲ್ ಕೀಬೋರ್ಡ್ ಲ್ಯಾಪ್‌ಟಾಪ್‌ಗಿಂತ ಮೊದಲೇ ಎತ್ತರ, ಅದರ ಮೇಲೆ ಕಾಲು ಬೇರೆ. ಮುಂಗೈ, ಮಣಿಕಟ್ಟು, ಅಂಗೈ ಒಂದೇ ನೇರಕ್ಕೆ ಬರುವ ಹಾಗೆ ಕುರ್ಚಿ ಎತ್ತರ ಮಾಡಿಕೊಳ್ಳಿ. ಕಾಲು ನೆಲಕ್ಕೆ ಸಿಗದಿದ್ದರೆ ಕೆಳಗೆ ಏನಾದರೂ ಇಟ್ಟುಕೊಳ್ಳಿ. ಅಂಗೈ ದಿಂಬು ಇದ್ದರೆ ಒಳ್ಳೆಯದೇ, ಆದರೆ ಅದು ನಡುವೆ ನಿಲ್ಲಿಸಿದಾಗ ಕೈ ಇಡಲು. ಟೈಪ್ ಮಾಡುವಾಗ ಮಣಿಕಟ್ಟನ್ನು ಅದಕ್ಕೆ ಒತ್ತಿ ಹಿಡಿಯಬೇಡಿ.

ಕೈಯಲ್ಲಿ ಜುಮ್ಮೆನ್ನುವುದು, ಮರಗಟ್ಟುವುದು, ರಾತ್ರಿ ನೋವಿಗೆ ಎಚ್ಚರ ಆಗುವುದು ಇದ್ದರೆ ಕೀಬೋರ್ಡ್ ವಿಷಯ ಪಕ್ಕಕ್ಕಿಟ್ಟು ಮೊದಲು ವೈದ್ಯರನ್ನು ಕಾಣಿ. ಇದನ್ನು ದಯವಿಟ್ಟು ಮುಂದೂಡಬೇಡಿ.

ಬೆಸುಗೆಗಾರ:

'ಎಸ್' ಕೀ ಬಗ್ಗೆ ನಾನು ಹೇಳುತ್ತೇನೆ. ಇದಕ್ಕೆ ಚಾಟರ್ ಅನ್ನುತ್ತಾರೆ. ಸ್ವಿಚ್ ಒಳಗೆ ಎರಡು ಲೋಹದ ತುಂಡುಗಳು ಒಂದಕ್ಕೊಂದು ತಾಗಿದಾಗ ಅಕ್ಷರ ಬೀಳುತ್ತದೆ. ತಾಗುವ ಆ ಕ್ಷಣದಲ್ಲಿ ಅವು ಕೆಲವು ಮಿಲಿಸೆಕೆಂಡ್ ನಡುಗುತ್ತವೆ, ತಾಗಿ, ಬಿಟ್ಟು, ಮತ್ತೆ ತಾಗುತ್ತವೆ. ಎಲ್ಲಾ ಸ್ವಿಚ್‌ನಲ್ಲೂ ಇದು ಇದ್ದದ್ದೇ. ಅದಕ್ಕೇ ಕೀಬೋರ್ಡ್‌ನ ಫರ್ಮ್‌ವೇರ್ (ಒಳಗೇ ಇರುವ ತಂತ್ರಾಂಶ) ಅಷ್ಟು ಹೊತ್ತು ಕಣ್ಣು ಮುಚ್ಚಿಕೊಂಡಿರುತ್ತದೆ. ಅದು ಡಿಬೌನ್ಸ್. ಹಲವು ಕೀಬೋರ್ಡ್‌ಗಳಲ್ಲಿ ಬಳಸುವ ಕ್ಯೂಎಂಕೆ ಫರ್ಮ್‌ವೇರ್‌ನಲ್ಲಿ ನಾವಾಗಿ ಬದಲಿಸದಿದ್ದರೆ ಅದು 5 ಮಿಲಿಸೆಕೆಂಡ್. ಲೋಹದ ಮೇಲೆ ಧೂಳು ಕೂತರೆ, ಪದರ ಕಟ್ಟಿದರೆ ನಡುಕ ಅದಕ್ಕಿಂತ ಜಾಸ್ತಿ ಹೊತ್ತು ಇರುತ್ತದೆ. ಆಗ ಒಂದು ಒತ್ತು ಎರಡಾಗಿ ಎಣಿಕೆಗೆ ಬರುತ್ತದೆ.

ನೀವು ಬೆರಳು ಇಟ್ಟುಕೊಂಡೇ ಇದ್ದಾಗ ಬಿದ್ದಿದ್ದರೆ ಅದು ಕಂಪ್ಯೂಟರ್‌ನ ಕೀ ರಿಪೀಟ್ ಆಗಿರುತ್ತಿತ್ತು. ಥಟ್ಟನೆ ತಟ್ಟಿದಾಗ ಬೀಳುತ್ತಿದೆ ಅಂದಮೇಲೆ ಚಾಟರ್ ಅಂತಲೇ ಹಿಡಿಯೋಣ.

ತಪ್ಪು ಎಲ್ಲಿದೆ ಅಂತ ಹಿಡಿಯುವುದು ಸುಲಭ. ಕೇಬಲ್ ತೆಗೆಯಿರಿ. 'ಎಸ್' ಸ್ವಿಚ್ ಕಿತ್ತು, ನೀವು ಎಂದೂ ಮುಟ್ಟದ ಪಾಸ್ (Pause) ಕೀ ಜಾಗಕ್ಕೆ ಹಾಕಿ. ಪಾಸ್ ಸ್ವಿಚ್ ಅನ್ನು 'ಎಸ್' ಜಾಗಕ್ಕೆ ತನ್ನಿ. ಈಗ 'ಎಸ್' ಸರಿಯಾಗಿ, ಪಾಸ್ ಎರಡು ಸಲ ಬಿದ್ದರೆ ಸ್ವಿಚ್ ಕೆಟ್ಟಿದೆ. 'ಎಸ್' ಇನ್ನೂ ಎರಡು ಸಲ ಬಿದ್ದರೆ ತೊಂದರೆ ಕೆಳಗಿನ ಸಾಕೆಟ್‌ನಲ್ಲೋ ಫರ್ಮ್‌ವೇರ್‌ನಲ್ಲೋ ಇದೆ. ಪಾಸ್ ಒತ್ತಿದ್ದು ತೆರೆಯ ಮೇಲೆ ಕಾಣುವುದಿಲ್ಲ, ಕೀ ಪರೀಕ್ಷೆ ಮಾಡುವ ಯಾವುದಾದರೂ ಪುಟದಲ್ಲಿ ನೋಡಿ.

ಸ್ವಿಚ್ ಕೀಳುವಾಗ ಪುಲ್ಲರ್ ಅನ್ನು ಮೇಲಿನ, ಕೆಳಗಿನ ಕೊಂಡಿಗೆ ಸಿಕ್ಕಿಸಿ ನೇರ ಮೇಲಕ್ಕೆ ಎಳೆಯಿರಿ, ಅಲ್ಲಾಡಿಸಬೇಡಿ. ಹಾಕುವಾಗ ಎರಡೂ ಪಿನ್ ನೆಟ್ಟಗಿವೆಯಾ ನೋಡಿ. ಬಾಗಿದ್ದರೆ ಚಿಮುಟದಿಂದ ನೆಟ್ಟಗೆ ಮಾಡಿ. ಬಾಗಿದ ಪಿನ್ ಇಟ್ಟು ಬಲವಾಗಿ ಒತ್ತಿದರೆ ಸಾಕೆಟ್ ಬೋರ್ಡ್‌ನಿಂದಲೇ ಎದ್ದು ಬರುತ್ತದೆ. ಆಮೇಲೆ ಬೆಸುಗೆ ಹಾಕದೆ ದಾರಿ ಇಲ್ಲ.

ಮೌನಕೀ:

ಬೇರೆ ಸ್ವಿಚ್ ಯಾಕೆ? ಇರುವುದಕ್ಕೇ ಗ್ರೀಸ್ ಹಚ್ಚಿ, ಕೀಕ್ಯಾಪ್ ಒಳಗೆ ಓ-ರಿಂಗ್ (ಪುಟ್ಟ ರಬ್ಬರ್ ಉಂಗುರ) ಹಾಕಿದರೆ ನಯವಾಗುತ್ತದೆ, ಸದ್ದೂ ಕಡಿಮೆ ಆಗುತ್ತದೆ ಅಲ್ವಾ? ಇನ್ನೊಂದು, ಭಾರದ ಸ್ಪ್ರಿಂಗ್ ಇದ್ದರೆ ಕೀ ತಳಕ್ಕೆ ಬಡಿಯುವುದಿಲ್ಲ, ಅದೇ ಬೆರಳಿಗೆ ಒಳ್ಳೆಯದು ಅಂತಲೂ ಕೇಳಿದ್ದೇನೆ.

ಬೆಸುಗೆಗಾರ:

ಕ್ಲಿಕಿ ಸ್ವಿಚ್‌ಗೆ ಗ್ರೀಸ್ ಬೇಡವೇ ಬೇಡ. ಎಂಎಕ್ಸ್ ಬ್ಲೂ ತರಹದ ಸ್ವಿಚ್‌ನಲ್ಲಿ ಸ್ಟೆಮ್ ಎರಡು ತುಂಡು. ಕೆಳಗಿನ ಪುಟ್ಟ ಬಿಳಿ ತುಂಡಿಗೆ ಕ್ಲಿಕ್ ಜಾಕೆಟ್ ಅನ್ನುತ್ತಾರೆ. ಅದು ಒಂದು ಹಂತದವರೆಗೆ ತಡೆದು ನಿಂತು, ಆಮೇಲೆ ಒಮ್ಮೆಲೇ ಕೆಳಕ್ಕೆ ಚಿಮ್ಮಿ ಬಡಿಯುತ್ತದೆ. ಆ ಬಡಿತವೇ ಕ್ಲಿಕ್. ಅಲ್ಲಿ ಗ್ರೀಸ್ ಕೂತರೆ ಚಿಮ್ಮುವುದು ಮಂಕಾಗಿ ಕ್ಲಿಕ್ ಸತ್ತೇ ಹೋಗುತ್ತದೆ. ಸ್ಪ್ರಿಂಗ್ ಕಿರಗುಟ್ಟಿದರೆ ಸ್ಪ್ರಿಂಗ್‌ಗೆ ಮಾತ್ರ ಒಂದು ತೊಟ್ಟು ತೆಳು ಎಣ್ಣೆ ಸಾಕು.

ಓ-ರಿಂಗ್ ಕೀ ತಳಕ್ಕೆ ಬಡಿಯುವ ಸದ್ದನ್ನು ತಗ್ಗಿಸುತ್ತದೆ. ಕ್ಲಿಕ್ ಹುಟ್ಟುವುದು ಅದಕ್ಕಿಂತ ಮೊದಲೇ, ಸ್ವಿಚ್ ಒಳಗೆ. ಹಾಗಾಗಿ ಕ್ಲಿಕ್ ಸದ್ದು ಅಷ್ಟೇ ಇರುತ್ತದೆ. ಪಕ್ಕದಲ್ಲಿ ಕೂತವರಿಗೆ ಕಿರಿಕಿರಿ ಆಗುತ್ತಿದ್ದರೆ ಓ-ರಿಂಗ್ ಕೈಹಿಡಿಯುವುದಿಲ್ಲ.

ಸ್ಪ್ರಿಂಗ್‌ಪ್ರಿಯ:

ಭಾರದ ಸ್ಪ್ರಿಂಗ್ ವಿಷಯದಲ್ಲಿ ಮೌನಕೀ ಅವರು ಹೇಳಿದ್ದರಲ್ಲೂ ನಿಜ ಇದೆ. ಬೆರಳು ಗಟ್ಟಿ ಇರುವವರಿಗೆ, ಸ್ವಲ್ಪ ಸ್ವಲ್ಪ ಬರೆಯುವವರಿಗೆ ಅದು ಹೊಂದುತ್ತದೆ. ಆದರೆ ದಿನವಿಡೀ ಬರೆಯುವವರು ಸಾವಿರಾರು ಸಲ ಒತ್ತುತ್ತಾರೆ, ಒಂದೊಂದು ಒತ್ತಿಗೂ 20 ಗ್ರಾಂ ಜಾಸ್ತಿ. ಅದು ಮೊದಲು ತಿಳಿಯುವುದು ಕಿರುಬೆರಳಿಗೆ. ಶಿಫ್ಟ್, ಎಂಟರ್, ಬ್ಯಾಕ್‌ಸ್ಪೇಸ್ ಎಲ್ಲಾ ಅದರ ಪಾಲಿಗೇ ಬಂದಿವೆಯಲ್ಲ. ನೋವು ಶುರು ಆಗಿರುವಾಗ ಭಾರದ ಕಡೆಗೆ ಹೋಗಬೇಡಿ.

ಬೆರಳಚ್ಚು:

ಸ್ವಿಚ್ ಅದಲುಬದಲು ಮಾಡಿದೆ. ಈಗ 'ಎಸ್' ಸರಿಯಾಗಿದೆ, ಪಾಸ್ ಎರಡು ಸಲ ಬೀಳುತ್ತಿದೆ. ಅಂದರೆ ಸ್ವಿಚ್ಚೇ ಕೆಟ್ಟಿರುವುದು. ಕಾಲು ಮಡಚಿ ಕುರ್ಚಿ ಎತ್ತರಿಸಿದ ಮೇಲೆ ಮಣಿಕಟ್ಟಿನ ಹಿಡಿತ ಬಹಳ ಮಟ್ಟಿಗೆ ಇಳಿದಿದೆ, ನಿಜವಾಗಿಯೂ ಧನ್ಯವಾದ. ಜುಮ್ಮೆನ್ನುವುದು, ಮರಗಟ್ಟುವುದು ಏನೂ ಇಲ್ಲ. ಬೆರಳು ನೋವು ಮಾತ್ರ ಉಳಿದಿದೆ. ಹಾಗಾದರೆ ಹಗುರವಾದ ಕ್ಲಿಕಿ ಯಾವುದು? ಐಬಿಎಂ ಮಾಡೆಲ್ ಎಂ ತುಂಬಾ ಚೆನ್ನಾಗಿದೆ ಅಂತಾರೆ, ಅದನ್ನೂ ನೋಡಲಾ?

ಸ್ಪ್ರಿಂಗ್‌ಪ್ರಿಯ:

ಮಾಡೆಲ್ ಎಂ ಅಂದರೆ ನನಗೆ ಬಹಳ ಗೌರವ. 1980ರ ದಶಕದ ಆ ಕೀಬೋರ್ಡ್‌ಗಳು ಇಂದಿಗೂ ಕೆಲಸ ಮಾಡುತ್ತಿವೆ. ಯೂನಿಕಾಂಪ್ ಕಂಪನಿ ಅದೇ ಬಗೆಯವನ್ನು ಈಗಲೂ ಮಾಡುತ್ತದೆ. ಅದರಲ್ಲಿ ಪ್ರತಿ ಕೀ ಅಡಿಗೂ ಒಂದು ಉದ್ದನೆಯ ಸ್ಪ್ರಿಂಗ್. ಒತ್ತುತ್ತಾ ಹೋದಂತೆ ಅದು ಒಮ್ಮೆಲೇ ಪಕ್ಕಕ್ಕೆ ಬಾಗುತ್ತದೆ, ಬಾಗಿದಾಗಲೇ ಸದ್ದು, ಆಗಲೇ ಅಕ್ಷರ. ಕ್ಲಿಕ್ ಕೇಳಿದ್ದಕ್ಕೂ ಅಕ್ಷರ ಬಿದ್ದದ್ದಕ್ಕೂ ನಡುವೆ ಸಂದೇಹಕ್ಕೆ ಜಾಗವೇ ಇಲ್ಲ. ಆದರೆ ಅದು ಎಂಎಕ್ಸ್ ಬ್ಲೂಗಿಂತ ಗಟ್ಟಿ. ಈಗಿನ ನಿಮ್ಮ ಬೆರಳಿಗೆ ಬೇಡ.

ನಿಮ್ಮದು ಹಾಟ್‌ಸ್ವಾಪ್ ಆಗಿರುವುದರಿಂದ ಕೀಬೋರ್ಡ್ ಬದಲಿಸಬೇಕಾಗಿಲ್ಲ. ನಾನು ಮೊದಲು ಹೇಳುವುದು ಕೈಲ್ ಕಂಪನಿಯ ಬಾಕ್ಸ್ ವೈಟ್. ಸುಮಾರು 50 ಗ್ರಾಂ. ಅಕ್ಷರ ಬೀಳುವುದು 1.8 ಮಿ.ಮೀ.ಗೆ, ಒಟ್ಟು ಇಳಿಯುವುದು 3.6 ಮಿ.ಮೀ. ಎಂಎಕ್ಸ್ ಬ್ಲೂನಲ್ಲಿ ಅದು 2.2 ಮತ್ತು 4. ಬಾಕ್ಸ್ ಸ್ವಿಚ್‌ನಲ್ಲಿ ಜಾಕೆಟ್ ಇಲ್ಲ. ಅದರ ಬದಲು ಒಂದು ತೆಳ್ಳನೆ ಲೋಹದ ಕಡ್ಡಿ ಇದೆ, ಕ್ಲಿಕ್ ಬಾರ್ ಅಂತ. ಸ್ಟೆಮ್ ಅದನ್ನು ತಳ್ಳಿ ದಾಟಿದಾಗ ಟಿಕ್ ಅನ್ನುತ್ತದೆ. ಜಾಕೆಟ್‌ನ ಕ್ಲಿಕ್‌ಗಿಂತ ಇದು ಚುರುಕು, ಗರಗರ ಕಡಿಮೆ. ಇನ್ನೊಂದು ಲಾಭವೂ ಇದೆ. ಬ್ಲೂನಲ್ಲಿ ಕೀ ಸಾಕಷ್ಟು ಮೇಲಕ್ಕೆ ಬಂದ ಮೇಲೇ ಮತ್ತೆ ಒತ್ತಲು ಸಿಗುತ್ತದೆ, ಒಂದೇ ಅಕ್ಷರ ಬೇಗ ಬೇಗ ಎರಡು ಸಲ ತಟ್ಟುವುದು ಕಷ್ಟ. ಬಾಕ್ಸ್‌ನಲ್ಲಿ ಆ ತೊಡಕು ಅಷ್ಟಿಲ್ಲ.

ಅದೇ ಮನೆಯ ಬಾಕ್ಸ್ ಜೇಡ್‌ಗೆ ದಪ್ಪ ಕಡ್ಡಿ. ಒತ್ತುವಾಗಲೂ ಬಿಡುವಾಗಲೂ ಕ್ಲಿಕ್ ಅನ್ನುತ್ತದೆ. ಸದ್ದಿನ ವಿಷಯದಲ್ಲಿ ನನಗೆ ಅದೇ ಹೆಚ್ಚು ಇಷ್ಟ, ಆದರೆ ಆ ತಡೆ ದಾಟಿಸಲು ವೈಟ್‌ಗಿಂತ ಜಾಸ್ತಿ ಬಲ ಬೇಕು. ಬಾಕ್ಸ್ ನೇವಿ ಇನ್ನೂ ಭಾರ, ಅದನ್ನು ನೀವು ಮುಟ್ಟಬೇಡಿ.

ಒಂದೇ ಸಲ ಪೂರಾ ಸೆಟ್ ತರಿಸಬೇಡಿ. ವೈಟ್ ಒಂದು ಹತ್ತು, ಜೇಡ್ ಒಂದೆರಡು ತರಿಸಿ. ವೈಟ್‌ಗಳನ್ನು ಎಡಗೈಯ ಕೀಗಳಿಗೆ ಹಾಕಿ, ಬಲಗೈಗೆ ಹಳೆಯದೇ ಇರಲಿ. ಒಂದು ಇಡೀ ದಿನದ ಕೆಲಸ ಮಾಡಿ ನೋಡಿ. ಎರಡು ಕೈಗಳ ವ್ಯತ್ಯಾಸ ಸಂಜೆಗೆ ತಾನಾಗಿ ತಿಳಿಯುತ್ತದೆ. ಅಂಗಡಿಯಲ್ಲಿ ಒಂದು ಸ್ವಿಚ್ ಒತ್ತಿ ನೋಡಿದರೆ ಇದು ಗೊತ್ತಾಗುವುದಿಲ್ಲ, ಅಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ.

ಜೊತೆಗೆ ಒಂದು ಅಭ್ಯಾಸ ಮಾಡಿ. ದಿನಾ ಒಂದು ಪ್ಯಾರಾ ನಿಧಾನವಾಗಿ ಟೈಪ್ ಮಾಡಿ, ಕ್ಲಿಕ್ ಮಾತ್ರ ಕೇಳಬೇಕು, ತಳಕ್ಕೆ ಬಡಿಯುವ ಧಡ್ ಕೇಳಬಾರದು. ಪೂರ್ತಿ ಸಾಧ್ಯ ಆಗುವುದಿಲ್ಲ, ಆಗಬೇಕಾಗೂ ಇಲ್ಲ. ಬಡಿತ ಮೆತ್ತಗಾದರೆ ಸಾಕು. ಕ್ಲಿಕಿ ಸ್ವಿಚ್‌ನ ದೊಡ್ಡ ಉಪಯೋಗ ಇರುವುದೇ ಇಲ್ಲಿ, ಯಾವಾಗ ಸಾಕು ಅಂತ ಅದು ಹೇಳುತ್ತದೆ.

ಬೆಸುಗೆಗಾರ:

ತರಿಸುವ ಮುಂಚೆ ಬೋರ್ಡ್‌ನಲ್ಲಿ ಪ್ಲಾಸ್ಟಿಕ್ ಕಾಲುಗಳಿಗೆ ತೂತು ಇದೆಯಾ ನೋಡಿ. 5 ಪಿನ್ ಸ್ವಿಚ್ 3 ಪಿನ್ ಬೋರ್ಡ್‌ಗೆ ಕೂರುವುದಿಲ್ಲ, ಪಕ್ಕದ ಎರಡು ಪ್ಲಾಸ್ಟಿಕ್ ಕಾಲು ಕತ್ತರಿಸಬೇಕಾಗುತ್ತದೆ. ಇನ್ನೊಂದು, ಬಹಳ ಹಳೆಯ ಸ್ಟಾಕ್ ಬಾಕ್ಸ್ ಸ್ವಿಚ್ ಬೇಡ. ಮೊದಮೊದಲು ಬಂದವುಗಳ ಸ್ಟೆಮ್ ತುಸು ದಪ್ಪ ಇದ್ದು ಕೀಕ್ಯಾಪ್ ಬಿರುಕು ಬಿಡುತ್ತಿತ್ತು. ಆಮೇಲೆ ಕಂಪನಿ ಅದನ್ನು ತಿದ್ದಿತು.

ಮುಂದೆ ಯಾವಾಗಲಾದರೂ ಕೀಬೋರ್ಡ್ ಬದಲಿಸಿದರೆ 87 ಕೀಗಳದ್ದು ನೋಡಿ. ಬಲಗಡೆಯ ನಂಬರ್ ಕೀಗಳು ಇಲ್ಲದಿದ್ದರೆ ಮೌಸ್ ಹತ್ತಿರ ಬರುತ್ತದೆ, ಭುಜಕ್ಕೆ ಆರಾಮ.

ಬೆರಳಚ್ಚು:

ಎಡಗೈಗೆ ವೈಟ್ ಹಾಕಿ ಕೆಲಸ ಮಾಡಿದೆ. ಸಂಜೆ ಬಲಗೈ ಕಿರುಬೆರಳು ನೋಯುತ್ತಿತ್ತು, ಎಡಗೈದು ಇಲ್ಲ. ಜೇಡ್ ಸದ್ದು ಸೊಗಸಾಗಿದೆ, ಆದರೆ ನನಗೆ ವೈಟ್ ಸಾಕು. ಪೂರ್ತಿ ಸೆಟ್ ತರಿಸುತ್ತಿದ್ದೇನೆ. ಕೊನೆಯದಾಗಿ ಸ್ಪೇಸ್‌ಬಾರ್ ಗಡಗಡಕ್ಕೆ ಏನು ಮಾಡಲಿ? ಅಲ್ಲಿಗೂ ವೈಟ್ ಹಾಕಲಾ?

ಬೆಸುಗೆಗಾರ:

ಗಡಗಡ ಅನ್ನುವುದು ಸ್ವಿಚ್ ಅಲ್ಲ, ಎರಡು ಬದಿಯ ಸ್ಟೆಬಿಲೈಜರ್, ಅಂದರೆ ಉದ್ದ ಕೀ ಓರೆಯಾಗದಂತೆ ಹಿಡಿಯುವ ಭಾಗ. ಅದರ ತಂತಿಯ ತುದಿ ಪ್ಲಾಸ್ಟಿಕ್ ಒಳಗೆ ಸಡಿಲವಾಗಿ ಆಡುತ್ತಿರುತ್ತದೆ. ತಂತಿಯ ಎರಡೂ ತುದಿಗೆ ಡೈಎಲೆಕ್ಟ್ರಿಕ್ ಗ್ರೀಸ್ ಹಚ್ಚಿ, ನಿಂತುಹೋಗುತ್ತದೆ. ಗ್ರೀಸ್‌ಗೆ ಜಾಗ ಇರುವುದು ಇಲ್ಲೇ. ಸ್ವಿಚ್ ಮಾತ್ರ ಅಲ್ಲಿ ಹಳೆಯ ಹಸಿರೇ ಇರಲಿ. ಹೆಬ್ಬೆರಳಿಗೆ ಬಲ ಇದೆ, ಅದಕ್ಕೆ 80 ಗ್ರಾಂ ಭಾರ ಅಲ್ಲ. ದೊಡ್ಡ ಸ್ಪೇಸ್‌ಬಾರ್ ಕೂಡ ಬೇಗ ಮೇಲೆ ಬರುತ್ತದೆ. ಪಾಸ್ ಜಾಗದಲ್ಲಿರುವ ಆ ಕೆಟ್ಟ ಸ್ವಿಚ್ ಅಲ್ಲಿಗೆ ಹೋಗದ ಹಾಗೆ ನೋಡಿಕೊಳ್ಳಿ, ಈಗಲೇ ಗುರುತು ಹಾಕಿಡಿ.