ಸಹಾಯ ಬೇಕು: ಕ್ಯಾಲ್ಸಿಯಂ ರಿಯಾಕ್ಟರ್‌ಗೆ ಯಾವ ರೆಗ್ಯುಲೇಟರ್ ತಗೊಳ್ಳಲಿ?

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯ ಮನೆಯಲ್ಲಿ ಹವಳದ ಟ್ಯಾಂಕ್ ಇಟ್ಟಿದ್ದೇನೆ. ಹವಳ ಚೆನ್ನಾಗಿ ಬೆಳೆಯುತ್ತಿದೆ, ಕ್ಯಾಲ್ಸಿಯಂ ಬೇಗ ಇಳಿಯುತ್ತಿದೆ. ಅದಕ್ಕೇ ರಿಯಾಕ್ಟರ್ ಹಾಕುತ್ತಿದ್ದೇನೆ, ಅಂದರೆ ಕಾರ್ಬನ್ ಡೈಆಕ್ಸೈಡ್‌ನಿಂದ ಸುಣ್ಣದ ಕಲ್ಲು ಕರಗಿಸಿ ಟ್ಯಾಂಕಿಗೆ ಕ್ಯಾಲ್ಸಿಯಂ ಕೊಡುವ ಸಾಧನ. ಸಿಲಿಂಡರ್‌ನ ಪ್ರೆಷರ್ ಇಳಿಸಿ ಗ್ಯಾಸ್ ಬಿಡುವ ಕಾರ್ಬನ್ ಡೈಆಕ್ಸೈಡ್ ರೆಗ್ಯುಲೇಟರ್ ಸಿಂಗಲ್ ಸ್ಟೇಜ್ (ಒಂದೇ ಹಂತದಲ್ಲಿ ಇಳಿಸುವುದು) ಸಾಕಾ, ಡ್ಯುಯಲ್ ಸ್ಟೇಜೇ (ಎರಡು ಹಂತದ್ದು) ಬೇಕಾ?

ನನ್ನ ಮನಸ್ಸು ಡ್ಯುಯಲ್ ಕಡೆಗಿದೆ. ಸಿಲಿಂಡರ್ ಖಾಲಿಯಾಗುತ್ತಾ ಬಂದಾಗ ಸಿಂಗಲ್ ಸ್ಟೇಜ್‌ನಲ್ಲಿ ಹೊರಬರುವ ಪ್ರೆಷರ್ ಏರುತ್ತದೆ. ಗ್ಯಾಸ್ ಜಾಸ್ತಿ ನುಗ್ಗಿ ನೀರು ಆಮ್ಲೀಯವಾಗಿ ಟ್ಯಾಂಕಿನ ಪಿಎಚ್ ಕುಸಿದರೆ ಹವಳಕ್ಕೇ ಕುತ್ತು ಅಲ್ವಾ? ರಿಯಾಕ್ಟರ್ ಒಳಗೆ ಪಿಎಚ್ 6.5ರ ಆಸುಪಾಸು ನಿಲ್ಲಬೇಕು. ಹಾಗಾಗಿ ಒಳ್ಳೆ ನೀಡಲ್ ವಾಲ್ವ್ (ಗ್ಯಾಸ್ ಹರಿವನ್ನು ಸಣ್ಣದಾಗಿ ಹೊಂದಿಸುವ ವಾಲ್ವ್), ಸೊಲೆನಾಯ್ಡ್ (ವಿದ್ಯುತ್ತಿನಿಂದ ಗ್ಯಾಸ್ ಬಿಟ್ಟು ನಿಲ್ಲಿಸುವ ವಾಲ್ವ್) ಇರಲೇಬೇಕು.

ಇನ್ನೊಂದು ಚಿಂತೆ ನಮ್ಮೂರ ಬಿಸಿಲು. ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ. 31 ಡಿಗ್ರಿ ಮೇಲೆ ಈ ಗ್ಯಾಸ್ ಸಿಲಿಂಡರ್‌ನಲ್ಲಿ ದ್ರವವಾಗಿ ಉಳಿಯುವುದಿಲ್ಲ, ಪ್ರೆಷರ್ ಏರುತ್ತಲೇ ಹೋಗುತ್ತದೆ. ಆ ಪ್ರೆಷರ್ ತಾಳಿಕೊಳ್ಳುವ ರೆಗ್ಯುಲೇಟರ್ ಯಾವುದು? ಇಲ್ಲಿ ಸಿಗುವ ಸಿಲಿಂಡರ್ ಥ್ರೆಡ್‌ಗೆ ವಿದೇಶಿ ರೆಗ್ಯುಲೇಟರ್ ಕೂರುತ್ತಾ? ರಾಯಚೂರು, ಕೊಪ್ಪಳ ಕಡೆ ಬಳಸುತ್ತಿರುವವರು ಮಾಡೆಲ್ ಹೇಳಿ, ಪ್ಲೀಸ್.